‘ನಟಿಸಿಲ್ಲ, ಬದುಕಿದ್ದಾರೆ’ ಎನ್ನುವ ಮೊದಲು

ಸಿನಿಮಾ ಬಳಗದ ಸ್ನೇಹಿತರಿಗೆ ನಮಸ್ಕಾರ. ‘ತಿಥಿ’, ‘ಶಿವಮ್ಮ’, ‘ಪೆದ್ರೋ’ ಮತ್ತು ‘ಸು ಫ್ರಮ್ ಸೋ’ ಚಿತ್ರಗಳನ್ನು ಇತ್ತೀಚೆಗೆ ಒಂದರ ಹಿಂದೊಂದು ಎನ್ನುವಂತೆ ನೋಡಿದೆ. ‘ತಿಥಿ’ಯನ್ನು ಹಿಂದೆಯೇ ನೋಡಿದ್ದೆ, ಉಳಿದವು ನನಗೆ ಹೊಸವು. ಮಂಡ್ಯ, ಕೊಪ್ಪಳ, ಉತ್ತರ ಕನ್ನಡ ಮತ್ತು ಕರಾವಳಿಯ ಈ ನಾಲ್ಕು ಕಥೆಗಳಲ್ಲಿ ಊರು, ಮಾತು, ಧಾಟಿ ಯಾವುದೂ ಒಂದರಂತೆ ಇನ್ನೊಂದಿಲ್ಲ. ಆದರೂ ಇವುಗಳ ಬಗ್ಗೆ ಪ್ರೇಕ್ಷಕರು ಬರೆದ ಅಭಿಪ್ರಾಯಗಳನ್ನು ಓದುತ್ತಾ ಹೋದಾಗ ಒಂದೇ ಮಾತು ಮತ್ತೆ ಮತ್ತೆ ಎದುರಾಯಿತು: ‘ಇವರು ನಟಿಸಿಲ್ಲ, ಬದುಕಿದ್ದಾರೆ.’ ಪ್ರೀತಿಯಿಂದಲೇ ಆಡಿದ ಮಾತು ಅದು, ಅನುಮಾನವಿಲ್ಲ. ಆದರೆ ನಾಲ್ಕೂ ಚಿತ್ರಗಳನ್ನು ನೋಡಿ ಮುಗಿಸಿದ ಮೇಲೆ ನನಗೆ ಆ ಮಾತನ್ನು ಒಪ್ಪಲಾಗುತ್ತಿಲ್ಲ. ಹೊಗಳುವ ಭರದಲ್ಲಿ ನಾವು ಆ ಕಲಾವಿದರ ದುಡಿಮೆಯನ್ನೇ ಅಳಿಸಿಹಾಕುತ್ತಿದ್ದೇವೆ ಎಂಬುದು ನನ್ನ ಅಭಿಪ್ರಾಯ.

ಮೊದಲು ‘ತಿಥಿ’. ರಾಮ್ ರೆಡ್ಡಿ ನಿರ್ದೇಶಿಸಿದ ಈ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದ ‘ಫಿಲ್ಮ್‌ಮೇಕರ್ಸ್ ಆಫ್ ದ ಪ್ರೆಸೆಂಟ್’ ವಿಭಾಗದಲ್ಲಿ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಪಡೆದು, 2016ರ ಮೇ ತಿಂಗಳಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂತು. 2015ರ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯೂ ಅದಕ್ಕೆ ಸಿಕ್ಕಿತು. ಕಥೆಯಲ್ಲಿ ರಾಮ್ ರೆಡ್ಡಿಯವರಿಗೆ ಜೊತೆಯಾದವರು ಈರೇಗೌಡರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಅವರದೇ ಊರು. ಆ ಊರಿನ, ಸುತ್ತಲಿನ ಜನರನ್ನೇ ಕಣ್ಣ ಮುಂದಿಟ್ಟುಕೊಂಡು ಪಾತ್ರಗಳನ್ನು ಬರೆದರು, ಅವರಿಂದಲೇ ಮಾಡಿಸಿದರು. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿ ಬದಿಯಲ್ಲಿ ಕುಳಿತು ಹೋಗುವವರನ್ನೂ ಬರುವವರನ್ನೂ ಬಾಯಿಗೆ ಬಂದಂತೆ ಬೈಯುತ್ತಾನೆ, ಮೂತ್ರಕ್ಕೆಂದು ಎದ್ದು ಹೋದವನು ಅಲ್ಲೇ ಕುಸಿದು ಸಾಯುತ್ತಾನೆ. ಚಿತ್ರ ಶುರುವಾಗುವುದೇ ಹೀಗೆ. ಆ ಬೈಗುಳಗಳನ್ನು ಮಾತ್ರ ಗಮನಿಸಿದರೆ ‘ಹಳ್ಳಿಯ ಮುದುಕರು ಮಾತಾಡುವುದೇ ಹಾಗೆ’ ಎಂದು ಸುಮ್ಮನಾಗಬಹುದು. ಈ ಸಲ ನಾನು ಬೈಗುಳಗಳ ನಡುವಿನ ಬಿಡುವನ್ನು ಗಮನಿಸಿದೆ. ಯಾರಾದರೂ ಹತ್ತಿರ ಬರುವವರೆಗೆ ಕಾಯುವುದು, ಬಂದ ಮೇಲೆ ತಡಮಾಡದೆ ಬಾಯಿ ಬಿಡುವುದು, ಅವರು ದಾಟಿ ಹೋದ ಮೇಲೆ ಮತ್ತೆ ಸುಮ್ಮನಾಗುವುದು. ಹಾಸ್ಯದ ಕಾಲಪ್ರಜ್ಞೆ ಎಂದರೆ ಇದೇ, ಮತ್ತು ಇದು ಕ್ಯಾಮೆರಾದ ಎದುರು ತಾನಾಗಿ ಆಗಿಬಿಡುವಂಥದ್ದಲ್ಲ.

ಸೆಂಚುರಿ ಗೌಡನ ಮಗ ಗಡ್ಡಪ್ಪನ ಪಾತ್ರ ಮಾಡಿದ ಚನ್ನೇಗೌಡರ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಬೀಡಿ ಸೇದುತ್ತಾ, ಟೈಗರ್ ಬ್ರಾಂದಿ ಕುಡಿಯುತ್ತಾ ಹೊಲದ ಬದುಗಳ ಮೇಲೆ ತಿರುಗುವ ಗಡ್ಡಪ್ಪನನ್ನು ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಆದರೆ ಚಿತ್ರದ ನಿಜವಾದ ತೂಕ ಇರುವುದು ಕುರಿಗಾಹಿಗಳ ಬಿಡಾರದಲ್ಲಿ, ರಾತ್ರಿ ಬೆಂಕಿಯ ಬಳಿ ಕುಳಿತು ಆತ ತನ್ನ ಸಂಸಾರದ ಹಳೆಯ ಸಂಗತಿಯನ್ನು ಹೇಳಿಕೊಳ್ಳುವ ದೃಶ್ಯದಲ್ಲಿ. ಅಲ್ಲಿಯವರೆಗೆ ಯಾವುದನ್ನೂ ಹಚ್ಚಿಕೊಳ್ಳದ ಮನುಷ್ಯನೆಂದು ನಾವು ನಂಬಿದ್ದವನೊಳಗೆ ಎಂಥ ಗಾಯವಿತ್ತು ಎಂಬುದು ಆಗ ತಿಳಿಯುತ್ತದೆ. ಅದನ್ನು ಆತ ಅಳದೆ, ದನಿ ಏರಿಸದೆ, ಬೇರೆ ಯಾರದೋ ಮನೆಯ ವಿಚಾರವೆಂಬಂತೆ ಹೇಳುತ್ತಾನೆ. ಭಾವವನ್ನು ಹೊತ್ತು ತರಲು ಅಲ್ಲಿ ಹಿನ್ನೆಲೆ ಸಂಗೀತವೂ ಇಲ್ಲ, ಇರುವುದು ಆ ದನಿ ಮಾತ್ರ. ಆ ಕಥೆ ಚನ್ನೇಗೌಡರದಲ್ಲ, ಗಡ್ಡಪ್ಪನದು; ಇನ್ನೊಬ್ಬನ ಸಂಕಟವನ್ನು ತನ್ನ ಮೈಮೇಲೆ ತಂದುಕೊಂಡು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮುಂದುವರಿಯಬೇಕು ಎಂದು ಅಳೆದು ಹೇಳಿದ್ದನ್ನು ನಟನೆ ಎನ್ನದೆ ಇನ್ನೇನು ಎನ್ನಬೇಕು?

ಈ ಮಾತಿಗೆ ಇನ್ನೊಂದು ದಿಕ್ಕಿನಿಂದಲೂ ಸಾಕ್ಷಿಯಿದೆ. ‘ತಿಥಿ’ ಗೆದ್ದ ಮೇಲೆ ಗಡ್ಡಪ್ಪ ಮತ್ತು ಸೆಂಚುರಿ ಗೌಡರನ್ನು ಹಾಕಿಕೊಂಡು ಕೆಲವು ಹಾಸ್ಯ ಚಿತ್ರಗಳು ತಯಾರಾದವು. ಅದೇ ಮುಖ, ಅದೇ ಗಡ್ಡ, ಅದೇ ಮಂಡ್ಯದ ಮಾತು. ಆದರೆ ‘ತಿಥಿ’ಯಲ್ಲಿ ಕಂಡ ಆಳ ನನಗೆ ಅವುಗಳಲ್ಲಿ ಕಾಣಲಿಲ್ಲ. ಇದ್ದಂತೆ ಇರುವುದಷ್ಟೇ ಸಾಕಾಗಿದ್ದರೆ ಎಲ್ಲ ಚಿತ್ರಗಳಲ್ಲೂ ಅದೇ ಫಲ ಸಿಗಬೇಕಿತ್ತಲ್ಲವೇ? ಬರವಣಿಗೆ, ನಿರ್ದೇಶಕರ ತಾಳ್ಮೆ ಮತ್ತು ಕಲಾವಿದರ ಶ್ರಮ ಮೂರೂ ಸೇರಿದ್ದರಿಂದಲೇ ಮೊದಲ ಸಲ ಹಾಗಾಯಿತು. ಅಂದಹಾಗೆ, ‘ತಿಥಿ’ಯ ಬಗ್ಗೆ ನನ್ನದೊಂದು ತಕರಾರು ಹಾಗೆಯೇ ಉಳಿದಿದೆ. ಗಡ್ಡಪ್ಪನ ಮೊಮ್ಮಗ ಅಭಿ ಕುರಿಗಾಹಿ ಹುಡುಗಿಯ ಹಿಂದೆ ಬೀಳುವ ಭಾಗವನ್ನು ಚಿತ್ರ ಹುಡುಗನ ಕಡೆಯಿಂದಲೇ ನೋಡುತ್ತದೆ. ಆ ಹುಡುಗಿಗೆ ತನ್ನದೆನ್ನುವ ಮಾತು ಕಡಿಮೆ. ಎರಡನೆಯ ಸಲ ನೋಡಿದಾಗ ಈ ಕೊರತೆ ಹೆಚ್ಚಾಗಿಯೇ ಕಂಡಿತು.

‘ಶಿವಮ್ಮ’ ಈ ನಾಲ್ಕರಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಚಿತ್ರ. ಜೈಶಂಕರ್ ಆರ್ಯರ್ ನಿರ್ದೇಶಿಸಿ, ರಿಷಬ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ ಇದು 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಎಂಬ ಹಳ್ಳಿಯಲ್ಲಿ, ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆ ಮಾಡುವ ಹೆಂಗಸೊಬ್ಬಳು ನೆಟ್‌ವರ್ಕ್ ಮಾರ್ಕೆಟಿಂಗ್ ಜಾಲಕ್ಕೆ ಸೇರುತ್ತಾಳೆ. ಕೂಡಿಟ್ಟ ದುಡ್ಡನ್ನು ಅದಕ್ಕೆ ಹಾಕಿ, ಶಕ್ತಿ ಕೊಡುವ ಪಾನೀಯವೆಂದು ಹೇಳಿಕೊಳ್ಳುವ ಪುಡಿಯನ್ನು ಮನೆ ಮನೆಗೆ ತಿರುಗಿ ಮಾರುತ್ತಾಳೆ. ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಓದುವ ಮಗ, ಮದುವೆಗೆ ಬಂದ ಮಗಳು. ಶಿವಮ್ಮನಾಗಿ ಶರಣಮ್ಮ ಚಟ್ಟಿಯವರಿದ್ದಾರೆ. ಅವರೂ ಸಿನಿಮಾ ನಟಿಯಲ್ಲ.

ಈ ಪಾತ್ರದ ಕಷ್ಟ ಏನೆಂದು ಒಮ್ಮೆ ಯೋಚಿಸಿ ನೋಡಿ. ಶಿವಮ್ಮ ಮಾರಾಟಕ್ಕೆಂದು ಬಾಯಿಪಾಠ ಮಾಡಿಕೊಂಡ ಮಾತುಗಳನ್ನು ಆಡಬೇಕು. ಆ ಮಾತುಗಳು ಅವಳವಲ್ಲ. ಕಂಪನಿಯವರು ಸಭೆಗಳಲ್ಲಿ ಹೇಳಿಕೊಟ್ಟವು. ತನ್ನ ಊರಿನ ಕನ್ನಡದ ನಡುವೆ ಆ ಕಲಿತ ಮಾತು ಬಂದಾಗ ಅವಳ ದನಿಯಲ್ಲಿ ಒಂದು ಬಗೆಯ ಗಡಸು ಬರುತ್ತದೆ, ಪಾಠ ಒಪ್ಪಿಸುವ ಮಕ್ಕಳ ಅವಸರ ಬರುತ್ತದೆ. ಕೇಳುವವರು ನಂಬದಿದ್ದಾಗ ಮುಖದ ಮೇಲಿನ ಉತ್ಸಾಹವನ್ನು ಬಿಡದೆ ಹಿಡಿದುಕೊಳ್ಳಬೇಕು, ಮನೆಗೆ ಬಂದಾಗ ಅದನ್ನು ಇಳಿಸಬೇಕು. ಅಂದರೆ ಶರಣಮ್ಮನವರು ಇಲ್ಲಿ ಬರೀ ಶಿವಮ್ಮನನ್ನು ಅಭಿನಯಿಸುತ್ತಿಲ್ಲ, ಮಾರಾಟಗಾರ್ತಿಯಂತೆ ಅಭಿನಯಿಸಲು ಹೆಣಗುತ್ತಿರುವ ಶಿವಮ್ಮನನ್ನು ಅಭಿನಯಿಸುತ್ತಿದ್ದಾರೆ. ವೃತ್ತಿಪರ ನಟಿಯರೂ ಎಡವುವ ಜಾಗವಿದು. ಶಿವಮ್ಮನನ್ನು ಮೋಸ ಹೋದ ಬಡಪಾಯಿ ಎಂದು ನೋಡಲು ಅವರು ನಮಗೆ ಎಲ್ಲೂ ಅವಕಾಶ ಕೊಡುವುದಿಲ್ಲ. ಆ ಹಟ, ಆ ಮೊಂಡುತನ ನಮಗೆ ಸಿಟ್ಟು ತರಿಸುತ್ತದೆ, ಅದೇ ಹೊತ್ತಿಗೆ ಇವಳು ಗೆಲ್ಲಲಿ ಎನ್ನಿಸುತ್ತದೆ. ನನ್ನ ಮಟ್ಟಿಗೆ ಇತ್ತೀಚಿನ ಕನ್ನಡ ಚಿತ್ರಗಳಲ್ಲಿ ಯಾವ ನಟಿಯಿಂದಲೂ ಇದಕ್ಕಿಂತ ದೊಡ್ಡ ಅಭಿನಯವನ್ನು ನಾನು ಕಂಡಿಲ್ಲ. ಅದನ್ನು ‘ಹಳ್ಳಿಯ ಹೆಂಗಸು, ಇದ್ದ ಹಾಗೆ ಇದ್ದಾಳೆ’ ಎಂದು ಮುಗಿಸಿಬಿಡುವುದು ನನಗೆ ನೋವಿನ ವಿಷಯ.

ಹೀಗೆ ಯೋಚಿಸುತ್ತಾ ಹೋದಾಗ ಇನ್ನೊಂದು ಸಂಗತಿ ಹೊಳೆಯಿತು. ಈ ಚಿತ್ರಗಳ ಪಾತ್ರಗಳೇ ತಮ್ಮ ಊರೊಳಗೆ ದಿನವಿಡೀ ನಟಿಸುತ್ತಿರುತ್ತವೆ. ‘ತಿಥಿ’ಯಲ್ಲಿ ಗಡ್ಡಪ್ಪನ ಮಗ ತಮ್ಮಣ್ಣ ಜಮೀನು ಮಾರುವುದಕ್ಕಾಗಿ, ಬದುಕಿರುವ ಅಪ್ಪನನ್ನು ಸತ್ತನೆಂದು ಕಾಗದದಲ್ಲಿ ತೋರಿಸಿ, ಕೊಳ್ಳಲು ಬಂದವರೆದುರು ಅದಕ್ಕೆ ತಕ್ಕ ಮುಖ ಹೊತ್ತು ನಿಲ್ಲುತ್ತಾನೆ. ‘ಸು ಫ್ರಮ್ ಸೋ’ ಚಿತ್ರದ ಅಶೋಕ ಒಂದು ಪೇಚಿನಿಂದ ಪಾರಾಗಲು ಮೈಮೇಲೆ ದೆವ್ವ ಬಂದವನಂತೆ ಆಡಿ, ಇಡೀ ಊರನ್ನು ನಂಬಿಸಿ, ಕಡೆಗೆ ಆ ವೇಷದಿಂದ ಹೊರಬರಲಾಗದೆ ಸಿಕ್ಕಿಕೊಳ್ಳುತ್ತಾನೆ. ಪಾತ್ರವೇ ನಾಟಕವಾಡುತ್ತಿರುವಾಗ ಅದನ್ನು ಮಾಡುವವರು ನಟಿಸುತ್ತಿಲ್ಲ ಎನ್ನುವುದಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದಕ್ಕೆ ಹೊರತಾಗಿ ನಿಲ್ಲುವವನು ಪೆದ್ರೋ. ನಟೇಶ್ ಹೆಗಡೆಯವರ ಮೊದಲ ಚಿತ್ರವಾದ ‘ಪೆದ್ರೋ’ 2021ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಮಲೆನಾಡಿನ ಹಳ್ಳಿಯೊಂದರಲ್ಲಿ ಲೈನ್‌ಮನ್ ಕೆಲಸ ಮಾಡುವ, ಊರಿನ ಅಂಚಿನಲ್ಲೇ ಉಳಿದ ಮನುಷ್ಯನೊಬ್ಬನ ಕೈಯಿಂದ ಆಕಸ್ಮಿಕವಾಗಿ ಹಸುವೊಂದು ಸಾಯುತ್ತದೆ. ಆಮೇಲೆ ಊರು ಅವನನ್ನು ನೋಡುವ ರೀತಿಯೇ ಬದಲಾಗುತ್ತದೆ. ಪೆದ್ರೋನ ಪಾತ್ರ ಮಾಡಿರುವವರು ನಿರ್ದೇಶಕರ ತಂದೆ ಗೋಪಾಲ ಹೆಗಡೆಯವರು. ಊರಿನ ಉಳಿದವರಂತೆ ಮುಖಕ್ಕೊಂದು ಮಾತು, ಬೆನ್ನಿಗೊಂದು ಮಾತು ಆಡಲು ಬಾರದವನು ಪೆದ್ರೋ. ಆದ್ದರಿಂದಲೇ ಅವನು ಸೋಲುತ್ತಾನೆ. ವಿಕಾಸ್ ಅರಸ್ ಅವರ ಕ್ಯಾಮೆರಾ ಅನೇಕ ಕಡೆ ಅವನಿಂದ ದೂರವೇ ನಿಲ್ಲುತ್ತದೆ. ಮುಖದ ಸೂಕ್ಷ್ಮಗಳ ನೆರವಿಲ್ಲದೆ, ನಿಂತ ಭಂಗಿಯಿಂದ, ನಡೆಯುವ ವೇಗದಿಂದಲೇ ಅವನ ಮನಸ್ಸು ತಿಳಿಯಬೇಕು. ಗೋಪಾಲ ಹೆಗಡೆಯವರು ಅದನ್ನು ಸಾಧಿಸಿದ್ದಾರೆ. ಚಿತ್ರದ ಗತಿ ನಿಧಾನ ಎಂದು ಬೇಸರಿಸಿದವರಲ್ಲಿ ನನ್ನದೊಂದು ವಿನಂತಿ: ರಾತ್ರಿ ದೀಪ ಆರಿಸಿ, ಫೋನ್ ದೂರವಿಟ್ಟು ಇನ್ನೊಮ್ಮೆ ನೋಡಿ. ಆ ಮಳೆ, ಆ ಮಬ್ಬು ಬೆಳಕು ಸಣ್ಣ ಪರದೆಯಲ್ಲಿ ಅರ್ಧ ಮಾತ್ರ ತಲುಪುತ್ತವೆ.

‘ಸು ಫ್ರಮ್ ಸೋ’ ಬಗ್ಗೆ ಬಹಳ ಮಂದಿ ಬಹಳ ಬರೆದಾಗಿದೆ. ಹಾಗಾಗಿ ಎರಡು ಮಾತು ಸಾಕು. ಜೆ.ಪಿ. ತುಮಿನಾಡು ಬರೆದು, ನಿರ್ದೇಶಿಸಿ, ಅಶೋಕನಾಗಿಯೂ ಅಭಿನಯಿಸಿದ ಈ ಚಿತ್ರ 2025ರ ಜುಲೈ 25ರಂದು ಬಿಡುಗಡೆಯಾಗಿ, ನೋಡಿದವರ ಬಾಯಿಮಾತಿನಿಂದಲೇ ಊರೂರು ತಲುಪಿತು. ಇಲ್ಲಿರುವವರಲ್ಲಿ ಹಲವರು ಕರಾವಳಿಯ ರಂಗಭೂಮಿಯಲ್ಲಿ ಪಳಗಿದವರು. ಸಭಿಕರ ನಗು ಎಲ್ಲಿ ಏಳುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ಅವರಿಗೆ ಗೊತ್ತು. ಅದಕ್ಕೆ ಜಾಗ ಬಿಟ್ಟು ಮುಂದಿನ ಮಾತು ಎತ್ತಿಕೊಳ್ಳುತ್ತಾರೆ. ದೆವ್ವ ಬಿಡಿಸಲು ಬರುವ ಗುರೂಜಿಯ ಪ್ರವೇಶವಾದ ಮೇಲೆ ಹಾಸ್ಯ ಸ್ವಲ್ಪ ಎಳೆದಂತಾಯಿತು ಎಂದು ನನಗನ್ನಿಸಿತು, ಆದರೆ ರವಿ ಅಣ್ಣನ ಪಾತ್ರದಲ್ಲಿ ಶನೀಲ್ ಗೌತಮ್ ಆ ಭಾಗವನ್ನೂ ಎತ್ತಿ ಹಿಡಿದರು. ರಂಗಭೂಮಿಯ ಈ ಅನುಭವ ಕಣ್ಣಿಗೆ ಕಾಣುವುದರಿಂದ ಇಲ್ಲಿ ನಾವು ‘ಎಂಥ ನಟರು’ ಎನ್ನುತ್ತೇವೆ. ಯರೇಹಂಚಿನಾಳದ ಹೆಂಗಸಿನ ಶ್ರಮ ಕಾಣುವುದಿಲ್ಲ, ಆದ್ದರಿಂದ ಅದು ಇಲ್ಲವೇ ಇಲ್ಲವೆಂದುಕೊಳ್ಳುತ್ತೇವೆ.

ಈ ಭೇದ ಇಂದಿನದಲ್ಲ. 1970ರ ‘ಸಂಸ್ಕಾರ’ ಚಿತ್ರವನ್ನು ಶೃಂಗೇರಿಯ ಬಳಿಯ ವೈಕುಂಠಪುರದಲ್ಲಿ ಚಿತ್ರಿಸಿದಾಗ ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರೂ ನಾರಣಪ್ಪನಾದ ಪಿ. ಲಂಕೇಶರೂ ಸಿನಿಮಾಕ್ಕೆ ಹೊಸಬರೇ. ಕಾರ್ನಾಡರು ಮದ್ರಾಸಿನ ಪ್ರಕಾಶನ ಸಂಸ್ಥೆಯೊಂದರ ಉದ್ಯೋಗದಲ್ಲಿದ್ದವರು, ಲಂಕೇಶರು ಇಂಗ್ಲಿಷ್ ಅಧ್ಯಾಪಕರು. ಅವರ ಅಭಿನಯದ ಬಗ್ಗೆ ಮಾತಾಡುವಾಗ ನಾವು ಪಾತ್ರದ ಗ್ರಹಿಕೆ, ಒಳನೋಟ ಎಂಬ ಮಾತುಗಳನ್ನು ಬಳಸುತ್ತೇವೆ. ಸರಿಯೇ, ಅವರು ಅದಕ್ಕೆ ಅರ್ಹರು. ಆದರೆ ಓದಿದವನು ಕ್ಯಾಮೆರಾದ ಎದುರು ನಿಂತರೆ ಬುದ್ಧಿ, ಓದದವನು ನಿಂತರೆ ಬರೀ ಸ್ವಭಾವ ಎನ್ನುವುದು ಯಾವ ನ್ಯಾಯ? ಚನ್ನೇಗೌಡರಿಗೂ ಶರಣಮ್ಮನವರಿಗೂ ಪಾತ್ರದ ಗ್ರಹಿಕೆ ಇತ್ತು. ಅವರು ಅದನ್ನು ಸಂದರ್ಶನಗಳಲ್ಲಿ ವಿವರಿಸಿ ಹೇಳದೆ ಇರಬಹುದು, ಪರದೆಯ ಮೇಲೆ ತೋರಿಸಿದ್ದಾರೆ.

ಇದು ನಮ್ಮ ಬರಹಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ‘ಅವರು ಇದ್ದ ಹಾಗೆ ಇದ್ದರು’ ಎಂದು ಒಮ್ಮೆ ತೀರ್ಮಾನಿಸಿದರೆ, ಇನ್ನೊಂದು ಬಗೆಯ ಪಾತ್ರವನ್ನು ಅವರಿಗೆ ಕೊಡಬಹುದು ಎಂಬ ಯೋಚನೆಯೇ ಯಾರಿಗೂ ಬರುವುದಿಲ್ಲ. ಸಂಭಾವನೆಯ ಮಾತು ಬಂದಾಗಲೂ ಆ ತೀರ್ಮಾನ ಅವರ ವಿರುದ್ಧವೇ ಕೆಲಸ ಮಾಡುತ್ತದೆ. ಪ್ರಶಸ್ತಿಯ ಚರ್ಚೆಯಲ್ಲಿ ಚಿತ್ರದ ಹೆಸರು ಬರುತ್ತದೆ, ನಿರ್ದೇಶಕರ ಹೆಸರು ಬರುತ್ತದೆ, ಇವರ ಹೆಸರು ಅಲ್ಲಿಗೆ ತಲುಪುವುದು ಅಪರೂಪ. ನಾವು ಪ್ರೇಕ್ಷಕರು ಮಾಡಬಹುದಾದ್ದು ಇಷ್ಟು: ಹೆಸರು ಹಿಡಿದು ಬರೆಯೋಣ, ಯಾವ ದೃಶ್ಯದಲ್ಲಿ ಏನು ಮಾಡಿದರು ಎಂದು ಬರೆಯೋಣ. ನಾಯಕ ನಟರ ಒಂದೊಂದು ನೋಟವನ್ನೂ ಬಿಡಿಸಿ ವರ್ಣಿಸುವ ನಮಗೆ ಇದು ಬಾರದ ವಿದ್ಯೆಯಲ್ಲ.

ಮುಂದೆ ನೋಡಬೇಕೆಂದಿರುವುದು ಈರೇಗೌಡರೇ ನಿರ್ದೇಶಿಸಿದ ‘ಬಳೆಕೆಂಪ’. 2018ರಲ್ಲಿ ರಾಟರ್‌ಡ್ಯಾಮ್ ಚಿತ್ರೋತ್ಸವದಲ್ಲಿ ಅಂತಾರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಪಡೆದ ಚಿತ್ರವದು. ಬಳಗದಲ್ಲಿ ಅದನ್ನು ನೋಡಿದವರಿದ್ದರೆ ಕಥೆ ಹೇಳಬೇಡಿ, ಅದರಲ್ಲಿನ ಅಭಿನಯದ ಬಗ್ಗೆ ನಿಮಗೆ ಅನ್ನಿಸಿದ್ದನ್ನು ದಯವಿಟ್ಟು ಇಲ್ಲಿ ಬರೆಯಿರಿ. ‘ಶಿವಮ್ಮ’ನ ವಿಷಯದಲ್ಲಿ ನನ್ನ ಮಾತನ್ನು ಒಪ್ಪದವರೂ ಬರೆಯಿರಿ, ಯಾವ ದೃಶ್ಯವನ್ನು ನೋಡಿ ಹಾಗನ್ನಿಸಿತು ಎಂಬುದನ್ನು ಮಾತ್ರ ಮರೆಯದೆ ತಿಳಿಸಿ.