ರೆಬೆಕಾ ಮಾಡಿದ ತಪ್ಪಾದರೂ ಏನು?

ನಿನ್ನೆ ರಾತ್ರಿ ‘ಘೋಸ್ಟ್ ವರ್ಲ್ಡ್’ ಸಿನಿಮಾವನ್ನು ಮೂರನೇ ಸಲ ನೋಡಿದೆ. 2001ರ ಸಿನಿಮಾ, ಟೆರಿ ಝ್ವಿಗಾಫ್ ನಿರ್ದೇಶನ. ಮೊದಲ ಸಲ ನೋಡಿದ್ದು ಒಂದು ಹಾಡಿನ ಆಸೆಗೆ. ಅಮೆರಿಕದ ಯಾವುದೋ ಊರು, ರಾತ್ರಿ ಹೊತ್ತು. ಕ್ಯಾಮೆರಾ ಅಪಾರ್ಟ್‌ಮೆಂಟಿನ ಒಂದೊಂದೇ ಕಿಟಕಿ ದಾಟುತ್ತಾ ಹೋಗುತ್ತದೆ. ಕೇಳಿಸುತ್ತಿರುವುದು ಮಾತ್ರ ನಮ್ಮ ಮಹಮ್ಮದ್ ರಫಿ! 1965ರ ‘ಗುಮ್‌ನಾಮ್’ ಚಿತ್ರದ ‘ಜಾನ್ ಪೆಹಚಾನ್ ಹೋ’. ಕೊನೆಗೆ ಒಂದು ಕೋಣೆಯಲ್ಲಿ ಕೆಂಪು ಗೌನ್ ತೊಟ್ಟ ಹುಡುಗಿಯೊಬ್ಬಳು ಟಿವಿಯಲ್ಲಿ ಲಕ್ಷ್ಮೀ ಛಾಯಾ ಕುಣಿಯುವುದನ್ನು ನೋಡಿಕೊಂಡು, ಅವರ ಹಾಗೇ ತಲೆ ಕೊಡವುತ್ತಾ ಕುಣಿಯುತ್ತಿದ್ದಾಳೆ. ಒಬ್ಬಳೇ. ಎಷ್ಟು ಖುಷಿ ಅವಳಿಗೆ!

ಅವಳೇ ಈನಿಡ್. ಥೋರಾ ಬರ್ಚ್ ಮಾಡಿರುವ ಪಾತ್ರ. ಆ ಗೌನು ಹೈಸ್ಕೂಲು ಮುಗಿಸಿದವರು ತೊಡುವುದು. ಅಲ್ಲಿ ಹೈಸ್ಕೂಲು ಅಂದರೆ ಹನ್ನೆರಡನೇ ತರಗತಿವರೆಗೆ, ನಮ್ಮ ಸೆಕೆಂಡ್ ಪಿಯುಸಿ ಲೆಕ್ಕ. ಅವಳ ಜೀವದ ಗೆಳತಿ ರೆಬೆಕಾ. ಆ ಪಾತ್ರ ಮಾಡಿರುವ ಸ್ಕಾರ್ಲೆಟ್ ಜೊಹಾನ್ಸನ್‌ಗೆ ಆಗಿನ್ನೂ ಹದಿನೈದು ವರ್ಷ. ಇಬ್ಬರಿಗೂ ಕಾಲೇಜು ಬೇಡ. ಒಂದು ಬಾಡಿಗೆ ಮನೆ ಹಿಡಿದು ಜೊತೆಗೆ ಇರಬೇಕು, ಅಷ್ಟೇ ಪ್ಲಾನು. ಉಳಿದ ಹೊತ್ತೆಲ್ಲ ಊರು ಸುತ್ತುವುದು, ಕಂಡವರನ್ನು ಆಡಿಕೊಳ್ಳುವುದು.

ಡೇನಿಯಲ್ ಕ್ಲೌಸ್ ಅವರ ಕಾಮಿಕ್ಸ್‌ನಿಂದ ಬಂದ ಕಥೆ ಇದು. ಅವರೂ ಝ್ವಿಗಾಫ್ ಅವರೂ ಸೇರಿ ಬರೆದ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತ್ತು. ಸಿನಿಮಾ ಇಷ್ಟಪಟ್ಟವರೆಲ್ಲ ಈನಿಡ್ ಬಗ್ಗೆ ಮಾತಾಡುತ್ತಾರೆ. ಯಾರ ಮಾತೂ ಕೇಳದವಳು, ಯಾವುದಕ್ಕೂ ತಲೆಬಾಗದವಳು ಅಂತ. ರೆಬೆಕಾ ಬಗ್ಗೆ ಬಂದರೆ, ಅವಳು ಬದಲಾಗಿಬಿಟ್ಟಳು, ಎಲ್ಲರ ಹಾಗೆ ಆಗಿಬಿಟ್ಟಳು ಅನ್ನುತ್ತಾರೆ. ನನಗೂ ಮೊದಲ ಸಲ ಹಾಗೇ ಅನಿಸಿತ್ತು. ಈಗ ಅದನ್ನು ಒಪ್ಪೋಕೆ ಆಗಲ್ಲ.

ರೆಬೆಕಾ ಮಾಡಿದ್ದೇನು? ಕಾಫಿ ಅಂಗಡಿಯಲ್ಲಿ ಕೆಲಸ ಹಿಡಿದಳು. ಗಿರಾಕಿಗಳ ಕಿರಿಕಿರಿ ಸಹಿಸಿಕೊಂಡಳು. ಬಾಡಿಗೆಗೆ ದುಡ್ಡು ಕೂಡಿಸಿದಳು. ಇಬ್ಬರೂ ಸೇರಿ ಕಂಡ ಕನಸಿಗೆ ದುಡಿದವಳು ಅವಳೊಬ್ಬಳೇ. ಈನಿಡ್ ಸಿನಿಮಾ ಥಿಯೇಟರಿನಲ್ಲಿ ಒಂದು ಕೆಲಸ ಹಿಡಿದು ಮೊದಲ ದಿನವೇ ಕಳೆದುಕೊಳ್ಳುತ್ತಾಳೆ. ಮನೆಯ ಮಾತು ಬಂದಾಗಲೆಲ್ಲ ಮುಂದೂಡುತ್ತಾಳೆ.

ಒಂದು ಪುಟ್ಟ ದೃಶ್ಯ ಇದೆ. ಕೊನೆಗೂ ಮನೆ ಸಿಕ್ಕಿದೆ. ರೆಬೆಕಾ ಗೋಡೆಯಲ್ಲಿರುವ ಇಸ್ತ್ರಿ ಹಲಗೆಯನ್ನು ಮಡಚಿ ಬಿಚ್ಚಿ ತೋರಿಸುತ್ತಾಳೆ. ನೋಡು, ಗೋಡೆಯೊಳಗೇ ಇದೆ! ಮುಖದ ತುಂಬಾ ನಿಜವಾದ ಖುಷಿ. ಈನಿಡ್‌ಗೆ ಅದರಲ್ಲಿ ಏನೂ ಕಾಣುವುದಿಲ್ಲ. ಜಗಳ ಇಲ್ಲ, ಕೂಗಾಟ ಇಲ್ಲ. ಒಬ್ಬಳಿಗೆ ಸಂಭ್ರಮ ಆದದ್ದು ಇನ್ನೊಬ್ಬಳಿಗೆ ಬರೀ ಹಲಗೆ. ಅವರ ಸ್ನೇಹ ಮುಗಿದದ್ದು ಅಲ್ಲೇ ಅಂತ ನನಗನ್ನಿಸುತ್ತದೆ.

ಪಿಯುಸಿ ಮುಗಿದ ಬೇಸಿಗೆ. ನನಗೂ ಅಂಥ ಒಬ್ಬ ಗೆಳತಿ ಇದ್ದಳು. ಬೆಂಗಳೂರಿಗೆ ಹೋಗೋಣ, ಒಂದು ರೂಮ್ ಮಾಡೋಣ ಅಂತ ಎರಡು ವರ್ಷ ಮಾತಾಡಿದ್ದೆವು. ರಿಸಲ್ಟ್ ಬಂದ ವಾರವೇ ಅವಳು ಊರಿನ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸಕ್ಕೆ ಸೇರಿದಳು. ಮೊದಲ ಸಂಬಳದಲ್ಲಿ ಅಮ್ಮನಿಗೆ ಕುಕ್ಕರ್ ತಂದಳು. ನನ್ನನ್ನು ಮನೆಗೆ ಕರೆದು ತೋರಿಸಿದಳು. “ಇದಕ್ಕೇನಾ ಕಣೇ ನಾವು ಅಷ್ಟೆಲ್ಲ ಮಾತಾಡಿದ್ದು?” ಅಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಕುಕ್ಕರನ್ನು ಮತ್ತೆ ಡಬ್ಬದೊಳಗೆ ಇಟ್ಟಳು. ಆ ಇಸ್ತ್ರಿ ಹಲಗೆ ನೋಡಿದಾಗಲೆಲ್ಲ ನನಗೆ ಆ ಡಬ್ಬ ಕಾಣುತ್ತದೆ.

ಈನಿಡ್ ಮೇಲೆ ನನಗೆ ಕೋಪ ಇದೆ ಅಂತಲ್ಲ. ಅವಳ ಒಂಟಿತನ ನಿಜವಾದದ್ದು. ಸೀಮೋರ್ ಅನ್ನುವ ನಡುವಯಸ್ಸಿನವನ ಜೊತೆಗಿನ ದೃಶ್ಯಗಳಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಒಬ್ಬ ಹೆಂಗಸನ್ನು ಹುಡುಕಿ ಅವನು ಪೇಪರಿನಲ್ಲಿ ಕೊಟ್ಟ ಜಾಹೀರಾತು ನೋಡಿ, ಆ ಹೆಂಗಸಿನ ಹಾಗೆ ಫೋನ್ ಮಾಡಿ, ಹೋಟೆಲಿಗೆ ಕರೆಸಿ, ಅವನು ಕಾಯುವುದನ್ನು ಈನಿಡ್, ರೆಬೆಕಾ ಕೂತು ನೋಡುತ್ತಾರೆ. ಅಲ್ಲಿಂದ ಶುರುವಾದದ್ದು ನಿಧಾನಕ್ಕೆ ಸ್ನೇಹವಾಗುತ್ತದೆ. ಹಳೆ 78 ಆರ್‌ಪಿಎಂ ಗ್ರಾಮಫೋನ್ ರೆಕಾರ್ಡುಗಳನ್ನು ಕೂಡಿಡುವ ಮನುಷ್ಯ ಅವನು. ಈ ಪಾತ್ರ ಕಾಮಿಕ್ಸ್‌ನಲ್ಲಿ ಇಲ್ಲ. ಝ್ವಿಗಾಫ್ ಕೂಡ ಅಂಥ ರೆಕಾರ್ಡುಗಳ ಸಂಗ್ರಾಹಕರೇ. ಅದಕ್ಕೇ ಇರಬೇಕು, ಸೀಮೋರ್ ಪಾತ್ರ ಮಾಡಿರುವ ಸ್ಟೀವ್ ಬುಸೆಮಿ ಆ ರೆಕಾರ್ಡುಗಳನ್ನು ಹಿಡಿಯುವ ರೀತಿಯಲ್ಲೇ ಅಷ್ಟೊಂದು ಅಕ್ಕರೆ ಇದೆ.

ಈನಿಡ್ ಅವನಿಂದ ಕೊಂಡು ತಂದ ರೆಕಾರ್ಡಿನಲ್ಲಿ ಸ್ಕಿಪ್ ಜೇಮ್ಸ್ 1931ರಲ್ಲಿ ಹಾಡಿದ ‘ಡೆವಿಲ್ ಗಾಟ್ ಮೈ ವುಮನ್’ ಇರುತ್ತದೆ. ರಾತ್ರಿಯೆಲ್ಲ ಅದೊಂದನ್ನೇ ಮತ್ತೆ ಮತ್ತೆ ಕೇಳುತ್ತಾಳೆ. ಅಣಕಿಸೋಕೆ ಏನೂ ಸಿಗದ ಒಂದು ವಸ್ತು ಅವಳ ಕೈಗೆ ಸಿಕ್ಕಿದೆ. ಸುಮ್ಮನೆ ಕೂತು ಕೇಳುತ್ತಾಳೆ. ಆ ಹೊತ್ತಿನ ಅವಳ ಮುಖ ನನಗೆ ತುಂಬಾ ಇಷ್ಟ.

ಆದರೆ ಅವಳು ಹೋದಲ್ಲೆಲ್ಲ ಬೇರೆಯವರಿಗೆ ಪೆಟ್ಟಾಗುತ್ತದೆ. ಸೀಮೋರ್ ಕೆಲಸ ಮಾಡುವ ಹೋಟೆಲ್ ಕಂಪನಿಗೆ ಹಿಂದೆ ‘ಕೂನ್ ಚಿಕನ್’ ಅಂತ ಹೆಸರಿತ್ತು. ‘ಕೂನ್’ ಅಂದರೆ ಕಪ್ಪು ಜನರನ್ನು ಬೈಯುವ ಮಾತು. ಸಿನಿಮಾಕ್ಕೆ ಕಟ್ಟಿದ ಹೆಸರಲ್ಲ ಇದು, 1920ರ ದಶಕದಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಶುರುವಾದ ‘ಕೂನ್ ಚಿಕನ್ ಇನ್’ ಅನ್ನುವ ಹೋಟೆಲುಗಳು ನಿಜವಾಗಿಯೂ ಇದ್ದವು. ಅದರ ಹಳೆ ಚಿತ್ರವನ್ನು ಈನಿಡ್ ತನ್ನ ಬೇಸಿಗೆಯ ಆರ್ಟ್ ಕ್ಲಾಸಿಗೆ ತರುತ್ತಾಳೆ. ಪ್ರದರ್ಶನದಲ್ಲಿ ಗಲಾಟೆ ಆಗುತ್ತದೆ. ಅವಳಿಗೆ ಸಿಗಬೇಕಿದ್ದ ಸ್ಕಾಲರ್‌ಶಿಪ್ ಹೋಗುತ್ತದೆ. ಸೀಮೋರ್ ಕೆಲಸವೂ ಹೋಗುತ್ತದೆ. ಈನಿಡ್ ಬೇಕಂತ ಮಾಡಿದ್ದಲ್ಲ. ಆದರೂ ಬೆಲೆ ಕೊಟ್ಟವನು ಅವನೂ ಹೌದು ಅಲ್ವಾ?

ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ, ನೋಡಿಕೊಂಡು ಬನ್ನಿ.

ಊರಿನಲ್ಲಿ ನಿಂತುಹೋದ ಒಂದು ಬಸ್ ರೂಟು ಇದೆ. ನಾರ್ಮನ್ ಅನ್ನುವ ಮುದುಕ ದಿನಾ ಆ ಸ್ಟಾಪಿನಲ್ಲಿ ಕಾಯುತ್ತಾನೆ. ಇಲ್ಲಿ ಬಸ್ಸು ಬರಲ್ಲ ಅಂದರೂ ಕೇಳುವುದಿಲ್ಲ. ಒಂದು ದಿನ ಬಸ್ಸು ಬರುತ್ತದೆ. ಅವನು ಹತ್ತಿ ಹೋಗುತ್ತಾನೆ. ಕೊನೆಗೆ ಈನಿಡ್ ಕೂಡ ಅದೇ ಬೆಂಚಿನಲ್ಲಿ ಕೂರುತ್ತಾಳೆ, ಬಂದ ಬಸ್ಸು ಹತ್ತುತ್ತಾಳೆ. ಇದನ್ನು ಸಾವು ಅಂತ ಓದುವವರು ಜಾಸ್ತಿ. ನನಗೆ ಹಾಗೆ ಓದೋಕೆ ಮನಸ್ಸು ಬರುವುದಿಲ್ಲ. ಆ ವಯಸ್ಸಿನಲ್ಲಿ ಊರು ಬಿಟ್ಟು ಹೋದ ಎಷ್ಟೋ ಹುಡುಗಿಯರು ಬೇರೆಲ್ಲೋ ಹೋಗಿ ಬದುಕು ಕಟ್ಟಿಕೊಂಡಿದ್ದಾರೆ. ಈನಿಡ್‌ಗೂ ಅಷ್ಟು ದಾರಿ ಇರಲಿ.

ಬಸ್ಸು ಸೇತುವೆ ದಾಟುವಾಗ ಸಿನಿಮಾ ನೋಡುವವರೆಲ್ಲ ಅವಳನ್ನೇ ನೋಡುತ್ತಾರೆ. ನಾನು ನಿನ್ನೆ ರೆಬೆಕಾಳನ್ನು ನೆನೆಸಿಕೊಂಡೆ. ಇಬ್ಬರಿಗೆ ಅಂತ ಹಿಡಿದ ಮನೆ. ಬೆಳಿಗ್ಗೆ ಎದ್ದು ಕಾಫಿ ಅಂಗಡಿಗೆ ಹೋಗಬೇಕು. ಆ ಹೊತ್ತಿಗೆ ಅವಳು ಗೋಡೆಯಿಂದ ಹಲಗೆ ಬಿಚ್ಚಿ, ನಾಳೆಯ ಶರ್ಟಿಗೆ ಇಸ್ತ್ರಿ ಹಾಕುತ್ತಿರಬಹುದು.