ನೆಲ ಡೊಂಕಿರುವುದು ನಿಜ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಿಟಾರ್ ಮಾರುವವರು ಬೇರೆ ಯಾವ ಗಾದೆಯನ್ನೂ ಕಲಿತಂತಿಲ್ಲ. ಇಪ್ಪತ್ತು ಸಾವಿರ ತೆತ್ತು ತರಿಸಿಕೊಂಡ ಹೊಚ್ಚ ಹೊಸ ಎಲೆಕ್ಟ್ರಿಕ್ ಗಿಟಾರಿನಲ್ಲಿ 12ನೇ ಫ್ರೆಟ್ (ನೆಕ್ಕಿನ, ಅಂದರೆ ಉದ್ದ ಕತ್ತಿನ, ಮೇಲಿರುವ ಲೋಹದ ಅಡ್ಡಗೆರೆ) ಒತ್ತಿದರೆ 13ನೆಯದರ ಸ್ವರ ಬರುತ್ತಿದೆ ಎಂದು ಫೋನ್ ಮಾಡಿ ನೋಡಿ. ಆ ಕಡೆಯಿಂದ ಮೊದಲ ಪ್ರಶ್ನೆ: "ಎಷ್ಟು ದಿನದಿಂದ ಕಲೀತಿದ್ದೀರಾ ಸರ್?"

ಎರಡನೆಯದು ಪ್ರಶ್ನೆಯಲ್ಲ, ಮಂತ್ರ: "ಸೆಟಪ್ ಮಾಡಿಸ್ಕೊಳ್ಳಿ." ಗಿಟಾರನ್ನು ಹದಗೊಳಿಸುವುದು ಎಂಬರ್ಥದ ಈ ಪದ ಕಾರ್ಖಾನೆಯ ಪಾಪಗಳನ್ನೆಲ್ಲ ತೊಳೆಯುವ ಗಂಗೆ. ವಾರಂಟಿಗೆ ಸೆಟಪ್ ಸೇರುವುದಿಲ್ಲ. ಹಾಗಾಗಿ ದೋಷಕ್ಕೆಲ್ಲ ಸೆಟಪ್ ಎಂದು ನಾಮಕರಣ ಮಾಡಿಬಿಟ್ಟರೆ ವಾರಂಟಿ ಕಾರ್ಡು ಆರಾಮಾಗಿ ಮಲಗಬಹುದು. ದರ್ಶಿನಿಯವನು ಇಡ್ಲಿಯ ಹಸಿ ಹಿಟ್ಟನ್ನೇ ತಟ್ಟೆಗೆ ಸುರಿದು, "ಬೇಯಿಸ್ಕೊಳ್ಳೋದು ನಿಮ್ಮಿಷ್ಟ ಸರ್, ಒಬ್ಬೊಬ್ಬರ ಹದ ಒಂದೊಂದು" ಅಂದ ಹಾಗೆ.

ಸೆಟಪ್ ಎನ್ನುವುದು ಪೂರಾ ಸುಳ್ಳೂ ಅಲ್ಲ, ಅದೇ ಇದರ ಚಮತ್ಕಾರ. ತಂತಿಯ ಬಿಗಿತಕ್ಕೆ, ಹವೆಗೆ ನೆಕ್ ಬಾಗುವುದು ಸಹಜ. ಮೊದಲ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, 8ನೇ ಫ್ರೆಟ್ಟಿಗೂ ತಂತಿಗೂ ಎಷ್ಟು ಸಂದಿದೆ ನೋಡಿ. ಕಾಲು ಮಿಲಿಮೀಟರ್ ಆಸುಪಾಸು ಇದ್ದರೆ ಒಳ್ಳೆಯದು. ಹೆಚ್ಚಿದ್ದರೆ ನೆಕ್ಕಿನೊಳಗಿನ ಲೋಹದ ಸರಳು, ಟ್ರಸ್ ರಾಡನ್ನು ಬಲಕ್ಕೆ, ಸಂದಿಯೇ ಇಲ್ಲದಿದ್ದರೆ ಎಡಕ್ಕೆ, ಒಮ್ಮೆಗೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ ಅಳೆಯಿರಿ. 12ನೇ ಫ್ರೆಟ್ಟಿನಲ್ಲಿ ಒತ್ತಿದ ಸ್ವರ ಅಲ್ಲಿ ತಂತಿಯನ್ನು ಬರೀ ತಾಕಿಸಿ ಮೀಟಿದಾಗ ಬರುವ ಹಾರ್ಮೋನಿಕ್‌ಗಿಂತ ಏರಿದ್ದರೆ ತಂತಿಯ ಬುಡ ಕೂರುವ ಸ್ಯಾಡಲ್ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಸೆಟಪ್ ಅಂದರೆ ಹೆಚ್ಚುಕಮ್ಮಿ ಇಷ್ಟೇ. ರಾಡಿನ ಕೀಲಿ ತಿರುವಿದಷ್ಟೂ ತಿರುಗುತ್ತದೆ, ನೆಕ್ ಮಾತ್ರ ಮಿಸುಕುವುದಿಲ್ಲ ಅಂದರೆ ಒಳಗಿನ ರಾಡೇ ಕೆಟ್ಟಿದೆ. ಅದಕ್ಕೂ ಸೆಟಪ್ ಎನ್ನುವವರು ಹೆಣಕ್ಕೆ ಕ್ಷೌರ ಮಾಡಿಸಲು ಹೇಳುತ್ತಿದ್ದಾರೆ.

ಇನ್ನು ನಟ್. ತಂತಿಗಳು ತಲೆಯ ಕಡೆ ಕೂರುವ ಆ ಪುಟ್ಟ ಪಟ್ಟಿಯ ಸೀಳುಗಳನ್ನು ಅಗ್ಗದ ಗಿಟಾರುಗಳಲ್ಲಿ ಬೇಕಾದಷ್ಟು ಆಳ ಕೊರೆದಿರುವುದೇ ಅಪರೂಪ. ಲೆಕ್ಕ ಸರಳ: ಆಳ ಜಾಸ್ತಿಯಾದರೆ ನಟ್ ಬಿಸಾಡಬೇಕು, ನಷ್ಟ ಕಾರ್ಖಾನೆಯದು, ಕಮ್ಮಿಯಾದರೆ ನೋವು ಗಿರಾಕಿಯ ಬೆರಳಿನದು. ತಂತಿಯನ್ನು 3ನೇ ಫ್ರೆಟ್ಟಿನಲ್ಲಿ ಒತ್ತಿ, ಮೊದಲ ಫ್ರೆಟ್ಟಿನ ಮೇಲೆ ಕಾಗದದ ಹಾಳೆಯಷ್ಟು ಸಂದಿ ಉಳಿದರೆ ಸಾಕು. ವಿಸಿಟಿಂಗ್ ಕಾರ್ಡೇ ನುಸುಳಿದರೆ ನಿಮ್ಮ ಎಫ್ ಕಾರ್ಡ್ (ಒಮ್ಮೆಗೇ ಮೀಟುವ ಸ್ವರಗುಚ್ಛ) ಏಕೆ ಬೇಸೂರು ಎಂಬುದಕ್ಕೆ ಉತ್ತರ ಸಿಕ್ಕಿತು. ತಂತಿಯ ದಪ್ಪಕ್ಕೆ ಹೊಂದುವ ನಟ್ ಅರದಿಂದ ಎರಡೆರಡು ಸಲ ಉಜ್ಜಿ ನೋಡುತ್ತ ಹೋಗಬೇಕು. ಎಫ್ ಬರಲಿಲ್ಲ ಎಂದು ಗಿಟಾರನ್ನು ಅಟ್ಟಕ್ಕೇರಿಸಿದವರಲ್ಲಿ ಎಷ್ಟು ಜನ ನಟ್ಟಿನ ಬಲಿಗಳೋ.

ಫ್ರೆಟ್ಟಿನ ತುದಿ ಗರಗಸದಂತೆ ಅಂಗೈ ಗೀರುತ್ತಿದೆಯೇ? "ಮರ ನೈಸರ್ಗಿಕ ವಸ್ತು ಸರ್" ಎನ್ನುತ್ತದೆ ಕಸ್ಟಮರ್ ಕೇರ್. ನಿಜವೇ. ಇಂಡೋನೇಷ್ಯಾದ ತೇವದಲ್ಲಿ ಹುಟ್ಟಿದ ನೆಕ್ಕು ಕಲಬುರಗಿಯ ಮಾರ್ಚಿಗೆ ಬಂದಿಳಿದರೆ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ, ತುದಿ ಹೊರಗೆ ಇಣುಕುತ್ತದೆ. ಕೆಲವು ವಾರ ಮನೆಯ ಹವೆಗೆ ಒಗ್ಗಲು ಬಿಟ್ಟು, ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಸಣ್ಣ ಅರದಿಂದ ಓರೆಯಾಗಿ ಉಜ್ಜಿದರೆ ಹೋಗುತ್ತದೆ. ಮರ ನೈಸರ್ಗಿಕ ಎಂಬ ಸಂಗತಿ ಮಾತ್ರ ಗಿಟಾರ್ ಮಾರಾಟವಾದ ಮೇಲೆಯೇ ಕಂಪನಿಗಳ ಗಮನಕ್ಕೆ ಬರುತ್ತದೆ.

ಇದೇ ಲೋಕದಲ್ಲಿ ಅಮೆರಿಕದ ಗಿಟಾರ್ ಕಂಪನಿ ಫೆಂಡರ್ 1995ರಲ್ಲಿ 'ರೆಲಿಕ್' ಎಂಬ ಸರಣಿ ತಂದಿತು: ಹೊಸ ಗಿಟಾರಿನ ಬಣ್ಣ ಕೆರೆದು, ಲೋಹ ಮಂಕಾಗಿಸಿ, ನಲವತ್ತು ವರ್ಷ ಬಾರಿಸಿದಂತೆ ಸವೆಸಿ ಮಾರುವುದು. ಇಂಥವಕ್ಕೆ ಈಗ ಲಕ್ಷಗಟ್ಟಲೆ ಬೆಲೆ. ಗೀರು ತಾನಾಗಿ ಬಿದ್ದಿದ್ದರೆ ದೋಷ, ಸಂಬಳ ಕೊಟ್ಟು ಹಾಕಿಸಿದ್ದರೆ ಕಲೆ. ಆದರೆ ಆ ಲಕ್ಷದ ಗಿಟಾರಿನ ಫ್ರೆಟ್ಟಿನ ತುದಿಯ ಮೇಲೆ ಕೈಯಾಡಿಸಿ, ಬೆಣ್ಣೆ. ಹೇಗೆ ಉಜ್ಜಬೇಕೆಂದು ಉದ್ಯಮಕ್ಕೆ ಚೆನ್ನಾಗಿಯೇ ಗೊತ್ತಿದೆ.

ಮತ್ತೆ ನಮ್ಮ 13ನೇ ಫ್ರೆಟ್ಟಿಗೆ ಬರೋಣ. ಹಠ ಹಿಡಿದರೆ ಕಸ್ಟಮರ್ ಕೇರ್ ಮಣಿಯುತ್ತದೆ: "ಬಝ್ ಬರ್ತಿರೋದರ ಫೋಟೋ ಕಳಿಸಿ ಸರ್." ತಂತಿ ಫ್ರೆಟ್ಟಿಗೆ ತಗುಲುವ ಸದ್ದಿನ ಫೋಟೋ! ಜೊತೆಗೆ ಡಬ್ಬದ ಆರೂ ಮುಖ ಕಾಣುವ, ಎಲ್ಲೂ ತುಂಡಾಗದ ಅನ್‌ಬಾಕ್ಸಿಂಗ್ ವಿಡಿಯೋ. ಅಂಚೆ ತೆಗೆಯುವ ಮುಂಚೆ ಪಂಚನಾಮೆ.

ಸದ್ದಿನ ಫೋಟೋ ತೆಗೆಯಲೂ ಬರುತ್ತದೆ ಎನ್ನುವುದು ಅವರಿಗೆ ತಿಳಿಯದು. ಮೊದಲು ಟ್ರಸ್ ರಾಡ್‌ನಿಂದ ನೆಕ್ ನೇರ ಮಾಡಿಕೊಳ್ಳಿ. 4 ಸೆಂಟಿಮೀಟರ್ ಉದ್ದದ ಸ್ಟೀಲ್ ಪಟ್ಟಿಯನ್ನು 12, 13, 14 ಈ ಮೂರರ ಮೇಲೆ ಮಾತ್ರ ಕೂರುವಂತೆ ಇಡಿ. ಟಕ್ ಟಕ್ ಎಂದು ತೂಗಿದರೆ ನಡುವಿನ ಫ್ರೆಟ್ ಮರದ ಸೀಳಿನಲ್ಲಿ ಪೂರ್ತಿ ಕೂತಿಲ್ಲ ಎಂದರ್ಥ. ಪಟ್ಟಿಯ ಒಂದು ತುದಿಯಡಿ ಕಾಗದದ ಚೂರು ತೂರಿಸಿ ಕ್ಲಿಕ್ಕಿಸಿ. ನೆಕ್ಕಿನ ಕೆಳಗೆ ಮರದ ತುಂಡು ಕೊಟ್ಟು ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸಬಹುದು. ಕೂರದಿದ್ದರೆ ನೆತ್ತಿ ಉಜ್ಜಿ, ಮತ್ತೆ ದುಂಡಗೆ ಮಾಡಬೇಕು. ಆದರೆ ಸುತ್ತಿಗೆ, ಅರ ಮುಟ್ಟಿದಿರೋ, "ನೀವೇ ಕೆಡಿಸಿದ್ದು" ಎಂಬ ಉತ್ತರ ಸಿದ್ಧವಿದೆ. ಹಿಂದಿರುಗಿಸುವ ಮನಸ್ಸಿದ್ದರೆ ಬರೀ ಅಳೆಯಿರಿ. ಬಿಲ್ಲಿನಲ್ಲಿ ಅವಧಿ ನಮೂದಿಸಿರದಿದ್ದರೆ, ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ಪಡೆಯಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಸಹಾಯವಾಣಿ 1915.

ಪಟ್ಟಿ, ಕಾಗದ, ಫೋಟೋ, ವಿಡಿಯೋ ಎಲ್ಲ ಕಳಿಸಿದ ಮೇಲೆ ಉತ್ತರ ಬರುತ್ತದೆ:

"ನಿಮ್ಮ ಪಟ್ಟಿಯೇ ಡೊಂಕಿರಬಹುದು ಸರ್."