ಎತ್ತು ಈಯಿತು, ಕೊಟ್ಟಿಗೆಗೆ ಕಟ್ಟಿ

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಈ ಗಾದೆ ಕಟ್ಟಿದವರು ಸಕಲೇಶಪುರದ ಕಡೆ ಹೋಗಿದ್ದರೋ ಇಲ್ಲವೋ ಗೊತ್ತಿಲ್ಲ. ಆದರೆ ಅಲ್ಲಿನ ಹಳ್ಳಗಳ ನೀರನ್ನು ಕೋಲಾರದಂಥ ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ವರದಿಯನ್ನು ಒಂದೇ ಸಾಲಿನಲ್ಲಿ ಬರೆದುಕೊಟ್ಟು ಹೋಗಿದ್ದಾರೆ.

ನಾನು ಕೋಲಾರದ ಕಡೆಯವನು. ನಮ್ಮಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿ ಯಾವ ಕಾಲವಾಯಿತೋ. ಪಾಲಾರ್ ಅಂತ ನದಿ ಇದೆ, ಮಕ್ಕಳು ಅದನ್ನು ಪುಸ್ತಕದಲ್ಲಿ ನೋಡುತ್ತಾರೆ. ಹಾಗಾಗಿ ಪಶ್ಚಿಮ ಘಟ್ಟದ ನೀರು ಬರುತ್ತದೆ ಅಂದಾಗ ಯಾರೂ ಎಷ್ಟು, ಹೇಗೆ ಅಂತ ಕೇಳಲಿಲ್ಲ. ಸುಮ್ನೆ ಕೊಡ ತೊಳೆದಿಟ್ಟೆವು. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಶಂಕುಸ್ಥಾಪನೆ ಆಯಿತು. ತೊಳೆದ ಕೊಡಗಳು ಅಂದಿನಿಂದ ಹಾಗೇ ಇವೆ.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಸರ್ಕಾರದ ಲೆಕ್ಕದಲ್ಲಿ ಅಲ್ಲಿ ಸಿಗುವ ನೀರು 24.01 ಟಿಎಂಸಿ. ಕೊನೆಯ ಆ '.01' ನೋಡಿ. ಯಾರೋ ಲೋಟ ಹಿಡಿದು ಅಳೆದಿದ್ದಾರೆ ಅಂತ ಎಂಥವರಿಗೂ ನಂಬಿಕೆ ಬರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅದೇ ಹಳ್ಳಗಳ ಮಳೆ, ಕಾಡು, ಇಳಿಜಾರು ಎಲ್ಲ ನೋಡಿ, ಸಿಗೋದು 9.55 ಟಿಎಂಸಿ ಅಂದರು. ಪಾಪ, ಅವರ ಹತ್ತಿರ ಲೋಟ ಇರಲಿಲ್ಲ.

ಕನ್ನಡದಲ್ಲಿ ಎತ್ತು ಅಂದರೆ ಬಸವ, ಎತ್ತು ಅಂದರೆ ಮೇಲಕ್ಕೇರಿಸು. ಈ ಯೋಜನೆ ಎರಡನೇ ಅರ್ಥವನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ಪಡುವಣಕ್ಕೆ ಇಳಿಯುವ ನೀರನ್ನು ಪಂಪು ಹಾಕಿ ಎತ್ತಬೇಕು, ಮೂಡಣಕ್ಕೆ ಹರಿಸಬೇಕು. ನೀರು ಎತ್ತುವ ಮೊದಲೇ ಅಂದಾಜು ಎತ್ತಿದರು. 2012ರಲ್ಲಿ 8,323 ಕೋಟಿ. 2014ರಲ್ಲಿ 12,912 ಕೋಟಿ. 2023ರಲ್ಲಿ 23,251 ಕೋಟಿ. ಯಾವ ಪಂಪೂ ಇಲ್ಲದೆ ಇಷ್ಟು ಎತ್ತರಕ್ಕೆ ಏರಿದ್ದು ಅದೊಂದೇ. ಟಿಎಂಸಿ ಮಾತ್ರ 24.01ರಲ್ಲೇ ಕೂತಿದೆ.

ಇಷ್ಟು ದೊಡ್ಡ ಕೆಲಸಕ್ಕೆ ಪರಿಸರ ಅನುಮತಿ ಬೇಡವೇ? ಬೇಡ. ಇದು ಕುಡಿಯುವ ನೀರಿನ ಯೋಜನೆ, ಅದಕ್ಕೆ ವಿನಾಯಿತಿ ಉಂಟು. ಸುಮಾರು 14 ಟಿಎಂಸಿ ಜನ ಕುಡಿಯುತ್ತಾರೆ, ಉಳಿದ 10 ಟಿಎಂಸಿ 527 ಕೆರೆಗಳಿಗೆ. ಕೆರೆಗಳೂ ಕುಡಿಯುತ್ತವೆ ಅಲ್ವಾ?

2024ರ ಸೆಪ್ಟೆಂಬರ್ 6, ಗೌರಿ ಹಬ್ಬ. ಗೌರಿ ತವರಿಗೆ ಬರುವ ದಿನವೇ ಹೊಳೆಯನ್ನು ತವರಿನಿಂದ ಕಳಿಸಿಕೊಟ್ಟರು. ಸಕಲೇಶಪುರ ತಾಲ್ಲೂಕಿನಲ್ಲಿ ಮೊದಲ ಹಂತದ ಉದ್ಘಾಟನೆ. ನಾವು ಟಿವಿ ಮುಂದೆ ಕೂತೆವು. ಆಮೇಲೆ ತಿಳಿಯಿತು, ಮುಂದಿನ ಕಾಲುವೆ ಇನ್ನೂ ಆಗಿಲ್ಲ, ಸದ್ಯಕ್ಕೆ ನೀರು ಚಿತ್ರದುರ್ಗ ಜಿಲ್ಲೆ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯದ ಕಡೆಗೆ ಅಂತ. ಯೋಜನೆಯಲ್ಲಿರುವ ಏಳು ಜಿಲ್ಲೆಗಳಲ್ಲಿ ಚಿತ್ರದುರ್ಗ ಇಲ್ಲ. ಕೋಲಾರಕ್ಕೆ ಹೊರಟ ದಿಬ್ಬಣ ಹಿರಿಯೂರಿನ ಛತ್ರಕ್ಕೆ ನುಗ್ಗಿತು. ಹಿರಿಯೂರಿನವರ ಮೇಲೆ ನಮಗೇನೂ ಸಿಟ್ಟಿಲ್ಲ. ಊಟ ಚೆನ್ನಾಗಿತ್ತಾ ಅಂತ ಕೇಳಬೇಕು ಅಷ್ಟೇ.

ಅದೇ ತಿಂಗಳು 26ಕ್ಕೆ ಸಚಿವ ಸಂಪುಟ ಸೇರಿತು, ಕಸ್ತೂರಿರಂಗನ್ ವರದಿ ಬೇಡ ಅಂತ ತೀರ್ಮಾನಿಸಿತು. ಪಶ್ಚಿಮ ಘಟ್ಟದಲ್ಲಿ ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಲು ಆ ವರದಿ ಇಟ್ಟುಕೊಂಡು ಕೇಂದ್ರ ಸರ್ಕಾರ ಕರಡು ಬರೆದಿತ್ತು. ಮೊದಲ ಕರಡು ಹೊರಬಿದ್ದದ್ದೂ 2014ರ ಮಾರ್ಚ್‌ನಲ್ಲೇ, ನಮ್ಮ ಶಂಕುಸ್ಥಾಪನೆಯ ತಿಂಗಳಲ್ಲೇ. ಅವಳಿ ಮಕ್ಕಳು. ಒಂದಕ್ಕೆ ಎರಡು ಸಲ ಅಂದಾಜು ಏರಿಸಿದರು, ಇನ್ನೊಂದಕ್ಕೆ ಆರು ಸಲ ಕರಡು ಬರೆದರು. ಊರು ಬಿಡಿಸುತ್ತಾರೆ ಅಂತ ಮಲೆನಾಡಿನ ಜನ ಹೆದರಿದ್ದಾರೆ, ಆ ಭಯವನ್ನು ನಾನು ನಗೆಯಾಡಲಾರೆ. ಆದರೆ ಅದೇ ಗುಡ್ಡದಲ್ಲಿ ಜೆಸಿಬಿ ಇಳಿದು ಆಳೆತ್ತರದ ಪೈಪು ಹೂಳುವಾಗ ಇಷ್ಟು ಕಾಳಜಿಯ ಸಭೆ ನಡೆದ ನೆನಪಿಲ್ಲ.

ಹೊಳೆ ಎಲ್ಲಿಂದ ಬರುತ್ತದೆ ಅಂದರೆ ನಲ್ಲಿಯಿಂದ ಅನ್ನುವ ಕಾಲ ಇದು. ಶೋಲಾ ಕಾಡು, ಅದರ ಮೇಲಿನ ಹುಲ್ಲುಗಾವಲು ಮುಂಗಾರನ್ನು ಹೀರಿಕೊಂಡು, ಬೇಸಿಗೆಯವರೆಗೆ ತೊಟ್ಟು ತೊಟ್ಟಾಗಿ ಬಿಡುತ್ತವೆ. ಈಗ ಮಳೆಗೂ ಅವಸರ. ತಿಂಗಳಿಡೀ ಸುರಿಯಬೇಕಾದ್ದು ನಾಲ್ಕು ದಿನದಲ್ಲಿ ಸುರಿದು ಹೋಗುತ್ತದೆ. ಹೀರಿಕೊಳ್ಳಲು ಬೇರು ಇಲ್ಲದ ಕಡೆ ಮಣ್ಣೂ ಜೊತೆಗೇ ಹೊರಡುತ್ತದೆ. 2024ರ ಜುಲೈನಲ್ಲಿ ಸಕಲೇಶಪುರದ ಘಟ್ಟ ಹೆದ್ದಾರಿಗೂ ಇಳಿಯಿತು, ರೈಲು ಹಳಿಗೂ ಇಳಿಯಿತು. ಉದ್ಘಾಟನೆಗೆ ಆಗ ಎರಡು ತಿಂಗಳೂ ಇರಲಿಲ್ಲ.

ನಾವು ಒಯ್ಯುವುದು ಮಳೆಗಾಲದ ಹೆಚ್ಚುವರಿ ನೀರು ಮಾತ್ರ ಅಂತ ಸರ್ಕಾರ ಹೇಳುತ್ತದೆ. ಈ ಹಳ್ಳಗಳೆಲ್ಲ ಸೇರುವುದು ನೇತ್ರಾವತಿಯನ್ನು. 2019ರ ಮೇ ತಿಂಗಳಲ್ಲಿ ಆ ನೇತ್ರಾವತಿ ಎಷ್ಟು ಬತ್ತಿತ್ತು ಅಂದರೆ, ಸ್ವಲ್ಪ ದಿನ ಬರಬೇಡಿ ಅಂತ ಧರ್ಮಸ್ಥಳದಿಂದಲೇ ಭಕ್ತರಿಗೆ ವಿನಂತಿ ಹೋಯಿತು. ಮಂಜುನಾಥನಿಗೇ ಸಾಲದ್ದು ಜೂನ್ ಬಂದ ಕೂಡಲೇ ಹೆಚ್ಚುವರಿ ಆಗಿಬಿಡುತ್ತದೆ.

ಹಾಗಂತ ಕೋಲಾರಕ್ಕೆ ನೀರೇ ಬಂದಿಲ್ಲ ಅಂದರೆ ಸುಳ್ಳಾಗುತ್ತದೆ. 2018ರಿಂದ ಬರುತ್ತಿದೆ, ಬೆಂಗಳೂರಿನ ಕೊಳಚೆ ನೀರು, ಎರಡು ಹಂತ ಶುದ್ಧ ಮಾಡಿದ್ದು. ಕೆ.ಸಿ. ವ್ಯಾಲಿ ಅಂತ ಹೆಸರು. ಘಟ್ಟದ ತೊರೆ ಕೇಳಿದವರಿಗೆ ರಾಜಧಾನಿಯ ಬಚ್ಚಲು. ಅದಕ್ಕೆ ಇಷ್ಟು ತಡವೂ ಆಗಲಿಲ್ಲ, ಅಂದಾಜೂ ಹೀಗೆ ಆಕಾಶಕ್ಕೆ ಏರಲಿಲ್ಲ. ಬೆಂಗಳೂರಿನವರು ಸ್ನಾನ ಮಾಡುವುದನ್ನು ನಿಲ್ಲಿಸುವುದಿಲ್ಲ ನೋಡಿ, ಅದು ಘಟ್ಟದ ಮಳೆಗಿಂತ ಗ್ಯಾರಂಟಿ.

ಮೊನ್ನೆ ಕೆರೆ ಏರಿಯ ಮೇಲೆ ನಮ್ಮೂರ ತಾತ ಒಬ್ಬರು ಸಿಕ್ಕರು. ಎತ್ತಿನಹೊಳೆ 2027ಕ್ಕೆ ಬರುತ್ತದಂತೆ ತಾತ ಅಂದೆ. ಅವರು ಕೆರೆ ಅಂಗಳದ ನೀಲಗಿರಿ ಮರಗಳನ್ನು ಒಂದು ಸಲ ನೋಡಿದರು.

"ಬರಲಿ ಬಿಡಪ್ಪ. ಕರು ಗಂಡೋ ಹೆಣ್ಣೋ ಹೇಳಿದರಾ?"